ನಾಲ್ಕು ಜನರಿಗೆ ನೂರಿಪ್ಪತ್ತು ಕಾರ್ಡು

ತುಮಕೂರಿನ ಪ್ರೆಸ್ಸೊಂದರಲ್ಲಿ ಲಗ್ನಪತ್ರಿಕೆ ಟೈಪು ಮಾಡುವ ಕೆಲಸಕ್ಕೆ ನಾನು ಸೇರಿದಾಗ ಅಲ್ಲಿಗೆ ಕಂಪ್ಯೂಟರು ಬಂದು ಆರು ತಿಂಗಳಾಗಿತ್ತಷ್ಟೆ. ಸಂಜೆ ಅದಕ್ಕೆ ಹೂವಿನ ಬಟ್ಟೆ ಹೊದಿಸುತ್ತಿದ್ದರು. ಬೆಳಗ್ಗೆ ಊದುಬತ್ತಿ ಬೆಳಗಿ ಆಮೇಲೆ ಸ್ವಿಚ್ ಹಾಕುತ್ತಿದ್ದರು. ತೊಂಬತ್ತರ ದಶಕದ ನಡುಭಾಗ. ಉಪ್ಪಾರಹಳ್ಳಿಯಲ್ಲಿ ಒಂದು ಮಹಡಿ ರೂಮು, ಅದರಲ್ಲಿ ನಾವು ಮೂವರು. ಒಬ್ಬಳು ಗುಬ್ಬಿಯವಳು, ಟೀಚರ್ ಟ್ರೈನಿಂಗ್ ಓದುತ್ತಿದ್ದಳು. ಇನ್ನೊಬ್ಬಳು ಕುಣಿಗಲ್‌ನವಳು, ಟೈಪಿಂಗಿನಲ್ಲಿ ಸೀನಿಯರ್ ಪಾಸು ಮಾಡಿಕೊಂಡು ಸರ್ಕಾರಿ ಕೆಲಸಕ್ಕೆ ಕಾಯುತ್ತಿದ್ದಳು. ಇವರಲ್ಲದೆ ಗೂಳೂರಿನವಳೊಬ್ಬಳಿದ್ದಳು. ನಮ್ಮ ಪ್ರೆಸ್ಸಿನಲ್ಲೇ ಬೈಂಡಿಂಗ್ ಕೆಲಸ. ದಿನಾ ಬಸ್ಸಿನಲ್ಲಿ ಬಂದು ಹೋಗುವವಳು, ಭಾನುವಾರವೂ ಮನೆಯಲ್ಲಿ ಓವರ್‌ಟೈಮ್ ಇದೆಯೆಂದು ಹೇಳಿ ನಮ್ಮ ರೂಮಿಗೆ ಬಂದುಬಿಡುತ್ತಿದ್ದಳು.

ನಾವು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದು ಕಡಿಮೆ. ‘ಏ ಗುಬ್ಬಿ’, ‘ಏ ಕುಣಿಗಲ್’, ‘ಏ ಗೂಳೂರು’ ಅಂತಲೇ. ನನ್ನ ಊರಿನ ಹೆಸರು ಉದ್ದ, ಬಾಯಿಗೆ ಬರುವುದಿಲ್ಲ ಅಂತ ನನಗೆ ‘ಪ್ರೆಸ್ಸು’ ಅಂದರು. ಅದೇ ಉಳಿಯಿತು.

ಕುಣಿಗಲ್‌ನವಳ ಅಪ್ಪ ಅಲ್ಲಿನ ಕುದುರೆ ಫಾರಂನಲ್ಲಿ ಕುದುರೆಗಳ ಮೈ ತೊಳೆದು ಮೇವು ಹಾಕುವ ಕೆಲಸದಲ್ಲಿದ್ದರು. ಕುದುರೆ ನೋಡಲು ಬಂದಿದ್ದ ಹೊರದೇಶದ ಗಂಡ ಹೆಂಡತಿ ಹೊರಡುವಾಗ ಬಿಟ್ಟುಹೋದದ್ದಂತೆ, ಒಂದು ರಟ್ಟಿನ ಡಬ್ಬದ ತುಂಬ ಕಾರ್ಡು. ಇಸ್ಪೀಟಲ್ಲ. ಒಂದೊಂದರ ಮೇಲೂ ಒಂದೊಂದು ಚಿತ್ರ: ಕೊಂಬಿನ ಪ್ರಾಣಿ, ಬೆಂಕಿ ಉಗುಳುವ ಹಕ್ಕಿ, ನೀರೊಳಗೆ ಹಲ್ಲು ಕಿರಿಯುವ ಏನೋ ಒಂದು. ಕೆಳಗೆ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರ, ಮೂಲೆಯಲ್ಲಿ ನಂಬರು. ಜೊತೆಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಆಟದ ನಿಯಮದ ಹಾಳೆ. ಗುಬ್ಬಿಯವಳು ಡಿಕ್ಷನರಿ ಇಟ್ಟುಕೊಂಡು ಮೂರು ಭಾನುವಾರ ಅದನ್ನು ಓದಿದಳು. ಅರ್ಧ ಅರ್ಥವಾಯಿತು. ಉಳಿದರ್ಧವನ್ನು ನಾವೇ ಕಟ್ಟಿಕೊಂಡೆವು.

ನಮಗೆ ಹಿಡಿಸಿದ್ದು ಅದರಲ್ಲಿ ಹೇಳಿದ್ದ ಒಂದು ಪದ್ಧತಿ. ಕಾರ್ಡನ್ನು ಇಸ್ಪೀಟಿನ ಹಾಗೆ ಹಂಚುವುದಿಲ್ಲ. ಪ್ರತಿಯೊಬ್ಬರ ಮುಂದೆ ಹತ್ತು ಕಾರ್ಡಿನ ಒಂದು ಕಟ್ಟು. ಅದನ್ನು ನೋಡಿ, ನಿನಗೆ ಬೇಕಾದ ಒಂದನ್ನು ಮಾತ್ರ ತೆಗೆದು ಕವುಚಿಟ್ಟುಕೊಂಡು, ಮಿಕ್ಕ ಒಂಬತ್ತನ್ನು ಎಡಗಡೆಯವಳಿಗೆ ಕೊಡಬೇಕು. ಬಲಗಡೆಯವಳಿಂದ ನಿನಗೆ ಒಂಬತ್ತು ಬರುತ್ತದೆ. ಅದರಲ್ಲೊಂದು ತೆಗೆ, ಎಂಟು ಕೊಡು. ಹೀಗೆ ಮುಗಿಯುವ ತನಕ. ಆಮೇಲೆ ಆರಿಸಿದವನ್ನೇ ಇಟ್ಟುಕೊಂಡು ಆಡುವುದು. ಆಡುವುದಕ್ಕಿಂತ ಆರಿಸುವುದರಲ್ಲೇ ನಮಗೆ ಗಮ್ಮತ್ತು. ಭಾನುವಾರ ತಲೆಗೆ ಎರೆದುಕೊಂಡು, ಕೂದಲು ಬಿಟ್ಟುಕೊಂಡು, ಬಿಸಿಲು ಬೀಳುವ ಕಡೆ ಚಾಪೆ ಎಳೆದುಕೊಂಡು ಕೂತರೆ ಯಾರಿಗೂ ಹೊತ್ತಿನ ಪರಿವೆ ಇರುತ್ತಿರಲಿಲ್ಲ.

‘ಆ ಕೊಂಬಿಂದು ನಮ್ ಟ್ರೈನಿಂಗ್ ಮೇಡಂ ಥರ ಇದೆ ಕಣೇ, ನಂಗೆ ಬೇಡ, ನೀನೇ ಇಟ್ಕೊ,’ ಅಂತ ಗುಬ್ಬಿಯವಳು ಕಟ್ಟು ದಾಟಿಸುವಳು.

‘ಹೇಳ್ಬಾರ್ದು ಅಂತ ಹಾಳೇಲಿ ಬರ್ದಿಲ್ವಾ? ಏನ್ ಕೊಟ್ಟೆ ಅಂತ ಹೇಳ್ಬಾರ್ದು,’ ಎಂದು ಕುಣಿಗಲ್‌ನವಳು ಗದರುವಳು. ಅವಳದು ಎಲ್ಲ ನಿಯಮದ ಪ್ರಕಾರ.

ನಾಲ್ಕು ವರ್ಷ ಹೀಗೆ ಕಳೆಯಿತು. ಆಮೇಲೆ ಒಬ್ಬೊಬ್ಬರೇ ಹೋದರು. ಗುಬ್ಬಿಯವಳಿಗೆ ತನ್ನೂರಿನಲ್ಲೇ ಶಾಲೆ ಸಿಕ್ಕಿತು, ಅದೇ ವರ್ಷ ಮದುವೆಯೂ ಆಯಿತು. ಕುಣಿಗಲ್‌ನವಳಿಗೆ ತಾಲ್ಲೂಕು ಆಫೀಸಿನಲ್ಲಿ ಕೆಲಸವಾಗಿ, ಆ ರಟ್ಟಿನ ಡಬ್ಬ ಟ್ರಂಕಿನಲ್ಲಿಟ್ಟುಕೊಂಡು ಹೊರಟಳು. ಅದು ಅವಳದೇ ತಾನೆ, ಬಿಟ್ಟುಹೋಗು ಅನ್ನಲು ನನಗೆ ಬಾಯಿ ಬರಲಿಲ್ಲ. ಗೂಳೂರಿನವಳಿಗೆ ಗೂಳೂರಿನಲ್ಲೇ ಎರಡು ಬೀದಿ ಆಚೆಯ ಮನೆಗೆ ಸಂಬಂಧವಾಯಿತು. ಮದುವೆಯಾದ ಮೇಲೆ ಪ್ರೆಸ್ಸು ಬಿಟ್ಟಳು. ಮೂವರಲ್ಲಿ ನನಗೆ ಎಲ್ಲರಿಗಿಂತ ಹತ್ತಿರ ಇದ್ದವಳು ಅವಳೇ, ಸಿಟಿ ಬಸ್ಸಿನ ದೂರ. ಎಲ್ಲರಿಗಿಂತ ಕಡಿಮೆ ನೋಡಿದ್ದೂ ಅವಳನ್ನೇ. ಹತ್ತಿರ ಇದೆಯಲ್ಲ, ಯಾವಾಗ ಬೇಕಾದರೂ ಹೋಗಬಹುದು ಅಂದುಕೊಂಡು ಹೋಗದೇ ಇರುವುದು ಸುಲಭ.

ನನಗೂ ಎರಡು ಮೂರು ಕಡೆ ನೋಡಿದರು. ಕೂಡಿಬರಲಿಲ್ಲ. ರೂಮು ನನ್ನೊಬ್ಬಳದೇ ಆಯಿತು.

ಒಬ್ಬಳಿಗೆ ಅಡುಗೆ ಮಾಡುವುದನ್ನು ಕಲಿಯಲು ವರ್ಷವೇ ಬೇಕಾಯಿತು. ಪಾವು ಅಕ್ಕಿ ಹಾಕಿದರೆ ಮಾರನೆಯ ದಿನಕ್ಕೂ ಮಿಗುತ್ತಿತ್ತು, ಅರ್ಧ ಪಾವು ಹಾಕಿದರೆ ಪಾತ್ರೆಯ ತಳ ಹಿಡಿಯುತ್ತಿತ್ತು. ಆಮೇಲೆ ಚಿಕ್ಕ ಪಾತ್ರೆ ತಂದೆ. ಸಾರನ್ನು ಮಾತ್ರ ಕಡಿಮೆ ಮಾಡಲು ನನಗೆ ಈಗಲೂ ಬರುವುದಿಲ್ಲ. ವಾರದ ದಿನಗಳು ಹೇಗೋ ಸರಿದುಹೋಗುತ್ತಿದ್ದವು. ಭಾನುವಾರ ಬಟ್ಟೆ ಒಗೆದು, ತಾರಸಿ ಮೇಲೆ ಹರವಿ, ಊಟ ಮಾಡಿ, ಗಡಿಯಾರ ನೋಡಿದರೆ ಇನ್ನೂ ಹನ್ನೆರಡೂವರೆ.

ಎರಡು ಸಾವಿರದ ಮೂರನೇ ಇಸವಿ ಇರಬೇಕು, ಕೆಳಗಿನ ಮನೆ ಓನರಮ್ಮನ ಫೋನಿಗೆ ಕುಣಿಗಲ್‌ನವಳು ಫೋನು ಮಾಡಿದಳು. ಅದು ಇದು ಮಾತಾಡಿ ಕೊನೆಗೆ, ‘ಆ ಕಾರ್ಡಿನ ಡಬ್ಬ ಗೆದ್ದಲು ತಿಂದ್ಬಿಡ್ತು ಕಣೇ. ಟ್ರಂಕ್ ತೆಗ್ದು ನೋಡಿದ್ರೆ ಬರೀ ಪುಡಿ,’ ಅಂದಳು. ‘ಹೋಗ್ಲಿ ಬಿಡು, ಯಾರ್ ಆಡ್ತಿದ್ರು ಅದನ್ನ,’ ಅಂತಲೂ ಅಂದಳು.

ಆ ಕೊನೆಯ ಮಾತನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಮೇಲೆ ಬಂದು, ಸೀಮೆಎಣ್ಣೆ ಸ್ಟೌ ಹೊತ್ತಿಸಿ, ಹಾಲು ಇಟ್ಟು, ಅದು ಉಕ್ಕುವಷ್ಟರಲ್ಲಿ ತೀರ್ಮಾನ ಮಾಡಿದ್ದೆ. ಕಾರ್ಡು ನಾನೇ ಮಾಡುತ್ತೇನೆ. ನಮ್ಮವೇ ಕಾರ್ಡು, ನಾಲ್ವರಿಗೆ ಸರಿಯಾಗಿ. ಮೂರು ಜನರಲ್ಲಿ ಆ ಆಟ ನಡೆಯದಂತೆ ಮಾಡುತ್ತೇನೆ. ಆಗ ನಾಲ್ವರೂ ಬರಲೇಬೇಕು. ತಿಂಗಳಿಗೊಂದು ಭಾನುವಾರ ನಾಲ್ವರೂ ಚಾಪೆಯ ಸುತ್ತ ಕೂತರೆ ಸಾಕು, ಅದಕ್ಕಿಂತ ಹೆಚ್ಚಿನದೇನೂ ನನಗೆ ಬೇಡವಾಗಿತ್ತು.

ನಾಲ್ಕು ಜನ, ಮೂರು ಸುತ್ತು, ಸುತ್ತಿಗೆ ಹತ್ತು. ನೂರಿಪ್ಪತ್ತು ಕಾರ್ಡು ಬೇಕು. ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಯ ತುಂಡುಗಳಿಗೆ ಬರವಿಲ್ಲ. ಆದರೆ ಮೊದಲು ಮಾಡಿದ ಮೂವತ್ತು ಕಾರ್ಡನ್ನು ಕವುಚಿ ಹಾಕಿ ನೋಡಿದಾಗ ತಪ್ಪು ಗೊತ್ತಾಯಿತು. ಒಂದರ ಬೆನ್ನು ಕೆನೆ ಬಣ್ಣ, ಒಂದರದು ತಿಳಿ ಗುಲಾಬಿ, ಒಂದು ನುಣುಪು, ಒಂದು ಒರಟು. ಬೆನ್ನು ನೋಡಿಯೇ ಯಾವ ಕಾರ್ಡೆಂದು ಹೇಳಬಹುದು, ಅಂಥದ್ದನ್ನಿಟ್ಟುಕೊಂಡು ಆಡುವುದು ಹೇಗೆ? ಒಂದೇ ಮದುವೆಯ ಕಾರ್ಡು ನೂರಿಪ್ಪತ್ತು ಬೇಕು. ಕಾದೆ.

ಅದು ಬಂದದ್ದು ನನ್ನ ತಪ್ಪಿನಿಂದಲೇ. ದೊಡ್ಡ ಆರ್ಡರೊಂದರಲ್ಲಿ ಮುಹೂರ್ತದ ಹೊತ್ತನ್ನು ಒಂದು ಗಂಟೆ ಹೆಚ್ಚು ಟೈಪು ಮಾಡಿಬಿಟ್ಟಿದ್ದೆ. ಪ್ರೂಫ್ ನೋಡಿದವರಿಗೂ ಕಾಣಲಿಲ್ಲ. ಪೂರ್ತಿ ಅಚ್ಚಾದ ಮೇಲೆ ಹುಡುಗಿಯ ಸೋದರಮಾವ ಬಂದು ಕಂಡುಹಿಡಿದರು. ಎಲ್ಲವನ್ನೂ ಮತ್ತೆ ಅಚ್ಚು ಹಾಕಬೇಕಾಯಿತು. ಬೈಸಿಕೊಂಡದ್ದು ಮುಗಿದು ಎರಡು ದಿನವಾದ ಮೇಲೆ ಪ್ರೆಸ್ಸಿನ ಓನರ್ ಹತ್ತಿರ ಹೋಗಿ, ಆ ಕೆಟ್ಟ ಕಾರ್ಡಿನಲ್ಲಿ ಒಂದಿಷ್ಟು ಕೊಡಿ ಸಾರ್ ಅಂದೆ.

‘ತಗೊಂಡೋಗಮ್ಮ, ರದ್ದಿಗೆ ಹಾಕೋದು ತಾನೆ,’ ಅಂದರು. ‘ನೀನೇನ್ ಮಾಡ್ತೀಯ ಅದನ್ನ?’

‘ಆಟಕ್ಕೆ ಸಾರ್.’

ಅವರು ನನ್ನನ್ನೊಮ್ಮೆ ನೋಡಿ ಕನ್ನಡಕ ಒರೆಸಿಕೊಂಡರು.

ಮಡಿಸುವ ಕಾರ್ಡದು. ಮುಂದಿನ ಎಲೆಯ ಮೇಲೆ ಬಂಗಾರದ ಗೆರೆಯಲ್ಲಿ ಕಳಸ, ಅದರ ಒಳಮೈ ಖಾಲಿ. ಆ ಎಲೆಗಳನ್ನಷ್ಟೇ ಕತ್ತರಿಸಿಕೊಂಡೆ. ಕಟಿಂಗ್ ಮಷಿನ್ನಿನವರು ಊಟಕ್ಕೆ ಹೋಗುವ ಮುಂಚೆ ಒಂದೇ ಏಟಿಗೆ ಇಪ್ಪತ್ತಿಪ್ಪತ್ತು ಸೇರಿಸಿ ಅಂಚು ಸಮ ಮಾಡಿಕೊಟ್ಟರು. ಎಲ್ಲದರ ಬೆನ್ನಿಗೂ ಒಂದೇ ಕಳಸ. ಖಾಲಿ ಮುಖದ ಮೇಲೆ ನಾನು ಹೆಸರು, ನಂಬರು, ಕೆಳಗೊಂದು ಸಾಲು ಟೈಪು ಮಾಡಿ ಪ್ರಿಂಟ್ ತೆಗೆದೆ.

ರಾಕ್ಷಸ, ಕೊಂಬು, ಬೆಂಕಿ ನನಗೆ ತಿಳಿಯದ ವಿಷಯ. ತಿಳಿದದ್ದನ್ನೇ ಹಾಕಿದೆ. ನಾಲ್ಕು ಜಾತಿ ಕಾರ್ಡು, ಒಂದೊಂದು ಜಾತಿಯಲ್ಲಿ ಮೂವತ್ತು. ಅಡುಗೆಯ ಕಾರ್ಡು ಗುಬ್ಬಿಯವಳಿಗೆಂದೇ ಮಾಡಿದ್ದು. ನಮ್ಮ ರೂಮಿನಲ್ಲಿ ತಿಂಡಿಯ ಮಾತು ಶುರುವಾಗುತ್ತಿದ್ದದ್ದು ಅವಳಿಂದ, ಮುಗಿಯುತ್ತಿದ್ದದ್ದೂ ಅವಳಿಂದ. ನೀರಿನ ಕಾರ್ಡು ಕುಣಿಗಲ್‌ನವಳಿಗೆ. ತನ್ನೂರ ಕೆರೆಯ ವಿಷಯ ಎತ್ತದೆ ಒಂದು ದಿನ ಕಳೆದವಳಲ್ಲ. ದಾರಿಯ ಕಾರ್ಡು ಗೂಳೂರಿನವಳಿಗೆ: ‘ಕಿಟಕಿ ಸೀಟು’, ‘ಚಿಲ್ಲರೆ ಇಲ್ಲ’, ‘ಡ್ರೈವರ್ ಕಾದರು’. ನಾಲ್ಕನೆಯದು ಕೋಣೆ. ಅದು ನನ್ನದು. ‘ಒಳಗಿನ ಚಿಲಕ’, ‘ಒಂದೇ ಲೋಟ ಕಾಫಿ’, ‘ಭಾನುವಾರದ ನಿದ್ದೆ’, ‘ಎಲ್ಲಿಗೆ ಹೋಗಿದ್ದೆ ಅಂತ ಯಾರೂ ಕೇಳಲಿಲ್ಲ’.

ಆಟ ಸುಲಭ. ಒಬ್ಬೊಬ್ಬರೂ ಒಂದೊಂದು ಕಾರ್ಡು ಇಳಿಸಬೇಕು, ದೊಡ್ಡ ನಂಬರಿನವಳು ನಾಲ್ಕನ್ನೂ ಎತ್ತಿಕೊಳ್ಳುತ್ತಾಳೆ. ‘ಹಬ್ಬದ ಹೋಳಿಗೆ’ಗೆ ಒಂಬತ್ತು ಕೊಟ್ಟೆ. ‘ಕೆರೆ ಕೋಡಿ ಬಿತ್ತು’ ಅದಕ್ಕೂ ಒಂಬತ್ತು. ‘ಕಿಟಕಿ ಸೀಟಿ’ಗೂ ಒಂಬತ್ತು. ಕೋಣೆಯ ಕಾರ್ಡುಗಳಿಗೆ ಎರಡು, ಮೂರು, ಹೆಚ್ಚೆಂದರೆ ನಾಲ್ಕು. ಯಾರೂ ಕೇಳಲಿಲ್ಲ ಅನ್ನುವುದಕ್ಕೆ ಒಂದು. ಹೇಗೂ ಅವು ನನ್ನ ಪಾಲಿಗೆ ಉಳಿಯುವಂಥವು, ನಾನು ಸೋತರೆ ಯಾರಿಗೇನು ನಷ್ಟ?

ಪರೀಕ್ಷೆ ಮಾಡಬೇಕಲ್ಲ. ಚಾಪೆಯ ನಾಲ್ಕು ಬದಿಗೆ ನಾಲ್ಕು ಜಮಖಾನದ ತುಂಡು ಹಾಕಿ, ನಾಲ್ಕು ಕಟ್ಟು ಇಟ್ಟೆ. ಮೊದಲು ಗುಬ್ಬಿಯವಳ ಜಾಗದಲ್ಲಿ ಕೂತು, ಅವಳಾದರೆ ಏನು ತೆಗೆಯುತ್ತಾಳೆ ಅಂತ ಯೋಚಿಸಿ ಒಂದು ತೆಗೆಯುವೆ. ಎದ್ದು ಕುಣಿಗಲ್‌ನವಳ ಜಾಗಕ್ಕೆ ಹೋಗುವೆ. ಅಲ್ಲಿಂದ ಗೂಳೂರಿಗೆ. ಕೊನೆಗೆ ನನ್ನದಕ್ಕೆ. ಒಂದು ಪೂರ್ತಿ ಆಟ ಮುಗಿಯಲು ಮಧ್ಯಾಹ್ನವೆಲ್ಲ ಬೇಕಾಗುತ್ತಿತ್ತು, ಮೊಣಕಾಲು ನೋಯುತ್ತಿತ್ತು. ಒಂದು ದಿನ ಓನರಮ್ಮ ತಾರಸಿಗೆ ಹಪ್ಪಳ ಒಣಗಿಸಲು ಬಂದವರು ಬಾಗಿಲಲ್ಲಿ ನಿಂತರು.

‘ಯಾರಾದ್ರೂ ಬರೋವ್ರಿದಾರೇನಮ್ಮ?’

‘ಇಲ್ಲಮ್ಮ.’

‘ಮತ್ತೆ ನಾಕು ಜನಕ್ಕೆ ಹಾಸಿದೀಯ?’

‘ಕಾರ್ಡು ಸರಿ ಇದ್ಯಾ ಅಂತ ನೋಡ್ತಿದೀನಿ.’

ಅವರು ನಾಲ್ಕೂ ಜಾಗವನ್ನು ನೋಡಿದರು. ‘ಬಿಸಿಲಿಗೆ ಬಾರಮ್ಮ ಒಸಿ ಹೊತ್ತು, ಹಪ್ಪಳ ಹರವೋಕೆ ಕೈ ಹಾಕು,’ ಅಂದರು. ಹೋದೆ.

ಆರೇಳು ತಿಂಗಳು ಹಾಗೆ ಆಡಿದೆ. ಆಟ ಒಂದು ಸಲವೂ ಕೆಡಲಿಲ್ಲ. ಅಡುಗೆ ಗುಬ್ಬಿಗೆ ಹೋಗುತ್ತಿತ್ತು, ನೀರು ಕುಣಿಗಲ್‌ಗೆ, ದಾರಿ ಗೂಳೂರಿಗೆ. ಮೂವರೂ ಸಮಸಮ ಗೆಲ್ಲುತ್ತಿದ್ದರು. ಎಷ್ಟು ಚೆನ್ನಾಗಿ ಹೊಂದಿಸಿದ್ದೇನೆ ಅಂತ ನನಗೆ ಹೆಮ್ಮೆಯೂ ಬಂದಿತ್ತು.

ನಾಲ್ವರಿಗೂ ಆಗುವ ಭಾನುವಾರ ಸಿಗಲು ಮತ್ತೆ ನಾಲ್ಕು ತಿಂಗಳು ಹಿಡಿಯಿತು. ಒಬ್ಬಳಿಗೆ ಜನಗಣತಿಯ ಥರದ ಏನೋ ಡ್ಯೂಟಿ, ಒಬ್ಬಳ ಮಾವನಿಗೆ ಕಣ್ಣಿನ ಆಪರೇಷನ್ನು. ಕೊನೆಗೆ ಮಾಘದಲ್ಲಿ ಒಂದು ಭಾನುವಾರ ಮೂವರೂ ಬಂದರು. ಕುಣಿಗಲ್‌ನವಳು ಚಪ್ಪಲಿ ಬಿಡುವಾಗಲೇ, ‘ನಾಕು ಗಂಟೆ ಬಸ್ಸಿಗೆ ಹೊರಡ್ಬೇಕು ಕಣೇ, ಈಗ್ಲೇ ಹೇಳ್ಬಿಡ್ತೀನಿ,’ ಅಂದಳು. ಮೂವರಿಗೂ ಮೈ ತುಂಬಿಕೊಂಡಿತ್ತು. ಗೂಳೂರಿನವಳ ಮುಂದಲೆಯಲ್ಲಿ ಬಿಳಿ ಕೂದಲು. ನಾನು ಚಿತ್ರಾನ್ನ, ಕೋಸಂಬರಿ, ಶಾವಿಗೆ ಪಾಯಸ ಮಾಡಿದ್ದೆ. ಉಂಡ ಮೇಲೆ ಕಾರ್ಡು ತೆಗೆದೆ.

‘ಇದನ್ನ ನೀನ್ ಮಾಡಿದ್ದಾ?’ ಗೂಳೂರಿನವಳು ಅಂಚಿನ ಮೇಲೆ ಬೆರಳೆಳೆದಳು. ಬೈಂಡಿಂಗಿನ ಕೈ ಅದು. ‘ಕಟಿಂಗ್ ಚೆನ್ನಾಗ್ ಮಾಡ್ಸಿದೀಯ. ಯಾರ್ ಮದ್ವೆದೇ ಇದು?’

‘ಗೊತ್ತಿಲ್ಲ. ಮುಹೂರ್ತ ತಪ್ಪಾಗಿದ್ದು.’

ಮೊದಲ ಸುತ್ತಿನ ಕಟ್ಟುಗಳನ್ನು ನಾನೇ ಬೇಕೆಂದು ಹೊಂದಿಸಿಟ್ಟಿದ್ದೆ. ಅದು ಮೋಸವೇ. ಗುಬ್ಬಿಯವಳ ಕಟ್ಟಿನಲ್ಲಿ ಹೋಳಿಗೆ ಇರಬೇಕು, ಕುಣಿಗಲ್‌ನವಳ ಕಟ್ಟಿನಲ್ಲಿ ಕೆರೆ ಕೋಡಿ, ಗೂಳೂರಿನವಳಿಗೆ ಕಿಟಕಿ ಸೀಟು. ಕಟ್ಟು ಬಿಚ್ಚಿದ ಕೂಡಲೇ ಕಾಣಬೇಕು, ಕಂಡು ನಗಬೇಕು. ಕೋಣೆಯ ಕಾರ್ಡುಗಳನ್ನು ಎಲ್ಲರ ಕಟ್ಟಿನಲ್ಲೂ ನಾಲ್ಕೈದು ತುರುಕಿದ್ದೆ, ಜಾಗ ತುಂಬಲಿಕ್ಕೆ.

ಗುಬ್ಬಿಯವಳು ನನ್ನ ಬಲಕ್ಕಿದ್ದಳು. ಕಟ್ಟು ಬಿಚ್ಚಿ, ಒಂದೊಂದಾಗಿ ಓದಿ, ಒಂದರ ಮೇಲೆ ಕಣ್ಣು ನಿಲ್ಲಿಸಿದಳು. ತುಟಿ ಅಲುಗಿತು, ನಗಲಿಲ್ಲ. ಒಂದನ್ನು ತೆಗೆದು ಕವುಚಿಟ್ಟು, ಮಿಕ್ಕದ್ದನ್ನು ನನಗೆ ಕೊಟ್ಟಳು. ಬಿಡಿಸಿ ನೋಡಿದೆ. ಹೋಳಿಗೆ ಹಾಗೇ ಇತ್ತು. ಯಾರೂ ಕೇಳಲಿಲ್ಲ ಅನ್ನುವ ಕಾರ್ಡು ಇರಲಿಲ್ಲ.

ನಂಬರು ನೋಡಿಲ್ಲ ಇವಳು, ಅಂದುಕೊಂಡೆ. ಮುಂದಿನ ಕಟ್ಟು ಅವಳ ಬಲಗಡೆಯ ಕುಣಿಗಲ್‌ನವಳಿಂದ ಹೊರಟು ಅವಳ ಕೈ ದಾಟಿ ನನಗೆ ಬಂತು. ಅದರಲ್ಲಿ ಕೆರೆ ಕೋಡಿ ಬಿದ್ದಿತ್ತು. ಚಿಲಕ ಹೋಗಿತ್ತು, ಒಂದೇ ಲೋಟ ಕಾಫಿ ಹೋಗಿತ್ತು. ಮೂರನೆಯ ಕಟ್ಟು ಮೂವರನ್ನೂ ದಾಟಿ ಬಂದಾಗ ಕಿಟಕಿ ಸೀಟೂ ಅದರಲ್ಲೇ ಇತ್ತು. ಭಾನುವಾರದ ನಿದ್ದೆ, ಬೀಗದ ಕೈ, ಬಾಗಿಲು ಹಾಕಿದ ಮೇಲಿನ ರೇಡಿಯೋ, ಯಾವುದೂ ಇಲ್ಲ. ಎರಡನೆಯ ಸುತ್ತು, ಮೂರನೆಯ ಸುತ್ತು, ಅದೇ ಕಥೆ. ಮೂವರೂ ಮಾತಿಲ್ಲದೆ ನನ್ನ ಕೋಣೆಯನ್ನು ಖಾಲಿ ಮಾಡುತ್ತಿದ್ದರು. ನನಗೆ ಉಳಿದದ್ದು ಹೋಳಿಗೆ, ಕೆರೆ, ಬಸ್ಸು.

ಆಡಲು ಕೂತಾಗ ಆದದ್ದೇನೆಂದು ಯಾರಾದರೂ ಊಹಿಸಬಹುದು. ಅವರು ಎರಡು, ಮೂರು, ಎರಡು ಇಳಿಸಿದರು, ನಾನು ಒಂಬತ್ತು ಇಳಿಸಿದೆ. ನಾಲ್ಕೂ ನನಗೆ. ಮತ್ತೆ ನಾಲ್ಕೂ ನನಗೆ. ಹತ್ತು ಸಲ ಹೀಗಾದ ಮೇಲೆ ಕುಣಿಗಲ್‌ನವಳು ಕೈಯಲ್ಲಿದ್ದವನ್ನು ಚಾಪೆಯ ಮೇಲಿಟ್ಟಳು.

‘ನೀನೇ ಮಾಡಿರೋ ಆಟ, ನೀನೇ ಗೆಲ್ತೀಯ. ನಮಗೇನಿದೆ ಇದ್ರಲ್ಲಿ?’

‘ನೀವ್ ಹೋಳಿಗೆ ಯಾಕೆ ತಗೊಳ್ಳಿಲ್ಲ?’ ಅಂದೆ. ನನ್ನ ದನಿ ನನಗೇ ಜಗಳದ ಹಾಗೆ ಕೇಳಿಸಿತು.

‘ಮನೇಲೂ ಅದೇ ತಟ್ಟೋದು, ಇಲ್ ಬಂದೂ ಅದೇನಾ?’ ಅಂದಳು ಗುಬ್ಬಿಯವಳು. ‘ನಾನ್ ಒಬ್ಬಟ್ಟು ತಿಂದು ಎಷ್ಟು ವರ್ಷ ಆಯ್ತೋ. ಎಲ್ರಿಗೂ ಹಾಕೋ ಹೊತ್ಗೆ ನಂಗೆ ಸೇರಲ್ಲ.’

‘ನೀನು ಕೆರೆ?’

‘ಅಯ್ಯೋ, ಆಫೀಸ್‌ನಲ್ಲಿ ದಿನಾ ಅದೇ ಅರ್ಜಿ. ಅಚ್ಚುಕಟ್ಟು, ಒತ್ತುವರಿ, ಅಳತೆ. ಸಾಕಾಗಿದೆ ಕಣೇ ಕೆರೆ.’ ಗೋಡೆಯ ಗಡಿಯಾರ ನೋಡಿದಳು. ಎರಡೂ ಮುಕ್ಕಾಲು. ‘ಇದಾದ್ಮೇಲೆ ಹೊರಟ್ರೆ ಮೂರೂ ಕಾಲಿನ ಬಸ್ಸೇ ಸಿಗತ್ತೇನೋ.’

ಅವಳು ಪರ್ಸಿಗೆ ಕೈ ಹಾಕಿದ್ದು ಕಂಡಿತು. ಅವಳೆದ್ದರೆ ಉಳಿದಿಬ್ಬರೂ ಏಳುತ್ತಾರೆ. ಒಂದು ವರ್ಷ ಕೂತು ಮಾಡಿದ್ದು ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ, ಇನ್ನು ಈ ಮೂವರು ಇದೇ ಚಾಪೆಯ ಮೇಲೆ ಕೂರುವುದಿಲ್ಲ ಅಂತ ನನಗೆ ಖಾತ್ರಿಯಾಯಿತು.

ಅಷ್ಟರಲ್ಲಿ ಗೂಳೂರಿನವಳು ತನ್ನ ಕಾರ್ಡುಗಳನ್ನು ಬೀಸಣಿಗೆಯ ಹಾಗೆ ಹಿಡಿದು, ‘ನಿಂಗೇನ್ ಬುಡು, ಬಾಗ್ಲು ಹಾಕ್ಕೊಂಡ್ರೆ ರಾಣಿ. ಇಂಥವೆಲ್ಲ ದಿನಾ ನಿನ್ ಕೈಲೇ ಇರ್ತವೆ. ಅದ್ಕೇ ಒಂದು, ಎರಡು ಕೊಟ್ಟಿದೀಯ,’ ಅಂದಳು. ತಮಾಷೆಗೇ ಅಂದದ್ದು.

‘ಅದಕ್ಕಲ್ಲ,’ ಅಂದೆ.

‘ಮತ್ಯಾಕೆ? ಎಲ್ಲಿಗ್ ಹೋಗಿದ್ದೆ ಅಂತ ಯಾರೂ ಕೇಳಲ್ಲ. ಅದಕ್ಕೆ ಒಂದಾ? ನಮ್ಮನೇಗೆ ಬಾ, ಏಳು ಜನ ಕೇಳ್ತಾರೆ. ಕೊತ್ತಂಬರಿ ಸೊಪ್ಪು ತರೋಕ್ ಹೋದ್ರೂ ಕೇಳ್ತಾರೆ.’

‘ಯಾರೂ ಕೇಳಲ್ಲ ಕಣೇ,’ ಅಂದೆ. ‘ಹೋದ್ ವರ್ಷ ಶ್ರಾವಣದಲ್ಲಿ ಜ್ವರ ಬಂದು ಮೂರು ದಿನ ಎದ್ದಿರ್ಲಿಲ್ಲ. ನಾಕನೇ ದಿನ ಪ್ರೆಸ್ಸಿಗೆ ಹೋದೆ. ರಜಾ ಅರ್ಜಿ ಬರ್ಕೊಡು ಅಂದ್ರು. ಅಷ್ಟೇ. ಅದಕ್ಕೆ ಒಂದು.’

ಕೆಳಗೆ ಓನರಮ್ಮನ ಮನೆಯ ಕುಕ್ಕರು ಕೂಗಿತು. ಹೇಳಬಾರದಿತ್ತು ಅಂದುಕೊಂಡೆ. ಗುಬ್ಬಿಯವಳು ಕಣ್ಣು ಒರೆಸಿಕೊಳ್ಳುವವಳ ಹಾಗೆ ಕಂಡಳು, ನನಗದು ಬೇಡವಾಗಿತ್ತು.

ನಿಯಮದವಳೇ ನನ್ನನ್ನು ಕಾಪಾಡಿದಳು. ಪರ್ಸಿನೊಳಗಿನ ಕೈಯಲ್ಲಿ ಆಫೀಸಿನ ಪೆನ್ಸಿಲ್ಲೊಂದು ಹೊರಗೆ ಬಂತು. ‘ನಿಂಗೆ ಒಂದು, ಸರಿ,’ ಅಂದಳು ಕುಣಿಗಲ್‌ನವಳು. ‘ನಂಗದು ಎಂಟು. ಎಲ್ಲಿ ಬರೀಲಿ? ಒಂದೊಂದು ಮೂಲೆ ಒಬ್ಬೊಬ್ರಿಗೆ ಅಂತ ಮಾಡು.’

‘ನಂಗೆ ಒಂಬತ್ತು,’ ಅಂದಳು ಗುಬ್ಬಿಯವಳು.

‘ಹತ್ತು ಇಲ್ವಾ ಇದ್ರಲ್ಲಿ?’ ಅಂದಳು ಗೂಳೂರಿನವಳು.

ಆಮೇಲೆ ನಾವು ಆಡಲೇ ಇಲ್ಲ. ಒಂದೊಂದೇ ಕಾರ್ಡು ಎತ್ತುವುದು, ನಿನಗೆಷ್ಟು, ನಿನಗೆಷ್ಟು ಅಂತ ಕೇಳುವುದು, ಮೂಲೆಯಲ್ಲಿ ಬರೆಯುವುದು. ಹೋಳಿಗೆಗೆ ಗುಬ್ಬಿಯವಳು ಎರಡು ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ‘ಬೇರೆಯವ್ರು ಮಾಡಿ ಕೊಟ್ರೆ ಒಂಬತ್ತು’ ಅಂದಳು. ಅದು ಒಂದೇ ಕಾರ್ಡೋ ಎರಡೋ ಅಂತ ಕುಣಿಗಲ್‌ನವಳು ಕಾಲು ಗಂಟೆ ವಾದ ಮಾಡಿದಳು. ಕಿಟಕಿ ಸೀಟಿಗೆ ಗೂಳೂರಿನವಳು ಸೊನ್ನೆ ಹಾಕಿದಳು.

‘ಸೊನ್ನೆ ಯಾಕೇ? ಕಿಟಕಿ ಪಕ್ಕ ಅಂದ್ರೆ ಪ್ರಾಣ ಬಿಡ್ತಿದ್ದೆ,’ ಅಂದೆ.

‘ಬಸ್ ಹತ್ತೇ ಎಷ್ಟು ದಿನ ಆಯ್ತೋ, ಇವತ್ತೂ ನಮ್ಮನೆಯವ್ರೇ ಗಾಡೀಲಿ ತಂದು ಬಿಟ್ರು. ಕಿಟಕಿ ಕಟ್ಕೊಂಡೇನು ಮಾಡ್ಲಿ?’

ಆರು ಕಿಲೋಮೀಟರು ದೂರದಲ್ಲಿದ್ದುಕೊಂಡು ಅದು ನನಗೆ ಗೊತ್ತಿರಲಿಲ್ಲ. ಆರೇಳು ತಿಂಗಳು ಅವಳ ಜಾಗದಲ್ಲಿ ಕೂತು ಅವಳ ಹೆಸರಿನಲ್ಲಿ ಬಸ್ಸಿನ ಕಾರ್ಡು ಆರಿಸಿದ್ದೆ. ಮೂವರ ಜಾಗದಲ್ಲೂ ಕೂತದ್ದು ನಾನೇ ತಾನೆ. ಅದಕ್ಕೇ ಆಟ ಕೆಡಲಿಲ್ಲ.

ಮೂರೂ ಕಾಲಿನ ಬಸ್ಸು ಹೋಯಿತು, ನಾಲ್ಕರದ್ದೂ ಹೋಯಿತು. ಐದಕ್ಕೆ ಕುಣಿಗಲ್‌ನವಳು ದಡಬಡಿಸಿ ಎದ್ದಾಗ ನಲವತ್ತಮೂರು ಕಾರ್ಡು ಆಗಿತ್ತು. ‘ಮಿಕ್ಕಿದ್ದು ಮುಂದಿನ್ ತಿಂಗ್ಳು,’ ಅಂತ ಮೆಟ್ಟಿಲಿಳಿಯುತ್ತ ಅಂದಳು. ಉಳಿದಿಬ್ಬರೂ ಹ್ಞೂಂ ಅಂದರು. ಅವರು ಹೋದ ಮೇಲೆ ನಾಲ್ಕು ಪಾಯಸದ ಲೋಟ ತೊಳೆದೆ. ಎಷ್ಟೋ ವರ್ಷದ ಮೇಲೆ ಒಟ್ಟಿಗೆ ನಾಲ್ಕು ಲೋಟ ತೊಳೆದದ್ದು, ನಿಧಾನವಾಗಿಯೇ ತೊಳೆದೆ.

ಮುಂದಿನ ತಿಂಗಳು ಯಾರಿಗೂ ಆಗಲಿಲ್ಲ. ಅದರ ಮುಂದಿನ ತಿಂಗಳು ಗುಬ್ಬಿಯವಳು ಬರುತ್ತೇನೆಂದು ಹೇಳಿ, ಬೆಳಗ್ಗೆ ಫೋನು ಮಾಡಿ ಇಲ್ಲವೆಂದಳು. ನೆನೆಹಾಕಿದ್ದ ಹೆಸರುಬೇಳೆಯನ್ನು ಎರಡು ದಿನ ತಿಂದೆ. ಬೇಸಿಗೆ ಬಂತು, ಮಳೆಗಾಲ ಬಂತು. ಆಗಾಗ ಫೋನಿನಲ್ಲಿ ‘ಕಾರ್ಡು ಆಯ್ತಾ?’ ಅನ್ನುವರು. ‘ಎಪ್ಪತ್ತೇಳು ಉಳಿದಿದೆ’ ಅನ್ನುವೆ. ನಾಲ್ವರೂ ಒಟ್ಟಿಗೆ ಕೂತದ್ದು ಅದೊಂದೇ ಭಾನುವಾರ, ಅದಾದ ಮೇಲೆ ಇವತ್ತಿನವರೆಗೂ ಇಲ್ಲ. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ.

ಕೊನೆಗೆ ನಾನೇ ಕಾರ್ಡುಗಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಹೊರಟೆ. ಗೂಳೂರಿಗೆ ಹೋದದ್ದು ಮೊದಲು. ಅವಳ ಮನೆಯ ಬಾಗಿಲಲ್ಲಿ ನಿಜಕ್ಕೂ ಏಳು ಜನ ನಾನು ಯಾರೆಂದು ಕೇಳಿದರು. ಅವಳ ಮೂಲೆ ತುಂಬಲು ಒಂದೂವರೆ ಗಂಟೆ ಸಾಕಾಯಿತು. ಕುಣಿಗಲ್‌ನವಳ ಆಫೀಸಿಗೆ ಶನಿವಾರ ಹೋಗಿ, ಫೈಲುಗಳ ನಡುವೆ ಕೂತು ಬರೆಸಿಕೊಂಡೆ. ಅವಳು ಪ್ರತಿ ನಂಬರಿನ ಕೆಳಗೂ ಚಿಕ್ಕ ಸಹಿ ಹಾಕಿದಳು.

ಗುಬ್ಬಿಗೆ ಹೋದದ್ದು ಅವರೆಕಾಯಿ ಕಾಲದಲ್ಲಿ. ಅವಳು ಹಿತ್ತಲ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದಳು. ಕೈಯೆಲ್ಲ ಸೊಗಡು. ನಾನು ಪಕ್ಕದಲ್ಲಿ ಕೂತು ಕಾರ್ಡು ಓದುವುದು, ಅವಳು ನಂಬರು ಹೇಳುವುದು, ನಾನೇ ಅವಳ ಮೂಲೆಯಲ್ಲಿ ಬರೆಯುವುದು. ‘ನಾಕು. ಮುಂದೆ. ಏಳು. ಇಲ್ಲ, ಆರು ಮಾಡು.’ ಒಳಗಿನಿಂದ ಅವಳ ಅತ್ತೆ ಕೂಗಿದರು: ‘ಯಾರೇ ಬಂದವ್ರೆ?’

‘ನನ್ ಫ್ರೆಂಡು ಅತ್ತೆ, ತುಮಕೂರಿಂದ,’ ಅಂದು, ಒಂದು ಕಾಯಿ ಸುಲಿದು, ಅವಳು ನನ್ನ ಕಡೆ ತಿರುಗಿದಳು. ‘ಯಾರೋ ಬಂದ್ರು ಅಂತ ಒಂದು ಕಾರ್ಡಿಲ್ವಲ್ಲೇ ಇದ್ರಲ್ಲಿ.’

ಇರಲಿಲ್ಲ. ನೂರಿಪ್ಪತ್ತರಲ್ಲಿ ಅದೊಂದು ನನಗೆ ಹೊಳೆದೇ ಇರಲಿಲ್ಲ.

‘ಸೇರ್ಸಿದ್ರೆ ನೂರಿಪ್ಪತ್ತೊಂದಾಗತ್ತೆ,’ ಅಂದೆ. ‘ಒಂದ್ ತೆಗೀಬೇಕು.’

‘ತೆಗಿ. ಎಷ್ಟು ಕೆಲ್ಸಕ್ಕೆ ಬಾರದ್ವಿವೆ.’

ಹಾಳಾದರೆ ಇರಲಿ ಅಂತ ತಂದಿದ್ದ ಖಾಲಿ ಕಾರ್ಡೊಂದಿತ್ತು. ಅದರ ಮೇಲೆ ಹೆಸರು ಬರೆದು, ‘ನಿಂದೆಷ್ಟು?’ ಅಂದೆ.

ಅವಳು ಮೊರದಲ್ಲಿ ಕೈಯಾಡಿಸುತ್ತ ಲೆಕ್ಕ ಹಾಕಿದಳು. ‘ಅಡುಗೆ ಆದ್ಮೇಲೆ ಬಂದ್ರೆ ಮೂರು. ಮೊದ್ಲೇ ಫೋನ್ ಮಾಡಿದ್ರೆ ಆರು.’

‘ಒಂದೇ ಹೇಳ್ಬೇಕು.’

‘ಐದು ಹಾಕು, ಹೋಗ್ಲಿ. ನಿಂದೆಷ್ಟು?’

ನನ್ನ ಮೂಲೆಯಲ್ಲಿ ಬರೆದೆ. ಅವಳು ಬಗ್ಗಿ ನೋಡಿದಳು. ಎರಡು ಬೊಗಸೆ ಅವರೆಕಾಯಿ ತೆಗೆದು ನನ್ನ ಮುಂದೆ ಸುರಿದಳು.

‘ಇದಿಷ್ಟೂ ಸುಲಿ,’ ಅಂದಳು. ‘ಸಾರಿಗೆ ಹಾಕ್ತೀನಿ. ಉಂಡ್ಕೊಂಡು ಐದೂವರೆ ಬಸ್ಸಿಗೆ ಹೋಗೋವ್ಯಂತೆ.’